ಮಂಡಿ ಸವೆತಕ್ಕೆ ಎಕ್ಸೋಸೋಮ್ ಇಂಜೆಕ್ಷನ್ ಒಂದು ಸಾಕಾ, ಎರಡು ಬೇಕಾ?

ನಾನು ಎರಡು ಹಾಕಿಸಿಕೊಂಡವನು. ಒಂದೂ ಬೇಕಿರಲಿಲ್ಲ.

ಎಕ್ಸ್‌ರೇ ನೋಡಿ ಎಡ ಮಂಡಿ ಸವೆತ ಮೂರನೇ ಗ್ರೇಡ್ ಅಂದರು. ಮೂಳೆ ತುದಿಗಳಿಗೆ ಮೆತ್ತೆಯಂತಿರುವ ಕಾರ್ಟಿಲೇಜ್‌ಗೆ ರಕ್ತನಾಳವೇ ಇಲ್ಲ, ಹಾಗಾಗಿ ಸವೆದರೆ ತಾನಾಗಿ ಕೂಡಿಕೊಳ್ಳುವುದು ಕಷ್ಟ. ಎಕ್ಸೋಸೋಮ್ ಅಂದರೆ ಜೀವಕೋಶ ಹೊರಗೆ ಬಿಡುವ ಪುಟ್ಟ ಚೀಲ, ಸುಮಾರು 30ರಿಂದ 150 ನ್ಯಾನೋಮೀಟರ್. ಒಳಗೆ ಪ್ರೋಟೀನು, ಆರ್‌ಎನ್‌ಎ. ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ, ಬಿಟ್ಟ ಚೀಲಗಳು ಮಂಡಿಯ ಕೋಶಗಳಿಗೆ ಸುದ್ದಿ ಮುಟ್ಟಿಸಿ ಉರಿಯೂತ ಇಳಿಸುತ್ತವೆ ಅನ್ನುವುದು ಲೆಕ್ಕಾಚಾರ. ಇಲಿ, ಮೊಲಗಳಲ್ಲಿ ಒಳ್ಳೆಯ ಫಲಿತಾಂಶ ಬಂದಿದೆ, ಸುಳ್ಳಲ್ಲ. ನನಗೆ ತೋರಿಸಿದ ಚಿತ್ರಗಳೂ ಅವೇ. ನನ್ನದು ಮೊಲದ ಮಂಡಿಯಲ್ಲ ಅಂತ ಆಗ ಹೊಳೆಯಲೇ ಇಲ್ಲ.

ಇಂಜೆಕ್ಷನ್ ಹಾಕಿಸಿದ ವಾರವೇ ಫಿಸಿಯೋಥೆರಪಿಯನ್ನೂ ಶುರು ಮಾಡಿದ್ದೇ ನನ್ನ ದೊಡ್ಡ ತಪ್ಪು. ವಿಚಿತ್ರ ಅನ್ನಿಸಬಹುದು, ಬಿಡಿಸಿ ಹೇಳುತ್ತೇನೆ. ದಿನಾ ತೊಡೆಗೆ ಬಲ ಬರುವ ವ್ಯಾಯಾಮ ಮಾಡಿದೆ. ಊಟ ಬಿಗಿ ಮಾಡಿ 6 ಕೆಜಿ ಇಳಿದೆ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ. ಮೂರು ತಿಂಗಳಿಗೆ ಸಲೀಸಾಗಿ ಮೆಟ್ಟಿಲು ಹತ್ತಿದೆ. ಶಭಾಷ್ ಅಂದದ್ದು ಯಾರಿಗೆ? ಇಂಜೆಕ್ಷನ್‌ಗೆ! ಬರೀ ಉಪ್ಪುನೀರು ಚುಚ್ಚಿದರೂ ಎಷ್ಟೋ ಜನರ ಮಂಡಿ ನೋವು ಇಳಿಯುತ್ತದೆ. ಅದಕ್ಕೇ ಅಲ್ವಾ, ಪ್ರಯೋಗಗಳಲ್ಲಿ ಕೆಲವರಿಗೆ ಅದನ್ನೇ ಕೊಟ್ಟು ಹೋಲಿಸಿ ನೋಡುವುದು. ನನ್ನ ಹತ್ತಿರ ಹೋಲಿಸಲು ಏನೂ ಉಳಿದಿರಲಿಲ್ಲ. ಎಲ್ಲ ಒಟ್ಟಿಗೆ ಮಾಡಿ, ಹೆಸರು ಒಂದಕ್ಕೇ ಕೊಟ್ಟೆ.

"ಒಳಗೆ ಕಾರ್ಟಿಲೇಜ್ ಬೆಳೀತಿದೆ, ಇನ್ಯಾಕೆ ಒದ್ದಾಟ" ಅಂತ ವ್ಯಾಯಾಮ ಬಿಟ್ಟೆ. ತೂಕ ವಾಪಸ್ ಬಂತು, ತೊಡೆ ಸೊರಗಿತು, ನೋವು ಮರಳಿತು. ಆಗಲಾದರೂ ಬುದ್ಧಿ ಬಂತಾ? ಡೋಸ್ ಸಾಲಲಿಲ್ಲ ಅಂದುಕೊಂಡು ಎರಡನೆಯದು ಹಾಕಿಸಿಕೊಂಡೆ. ಮಂಡಿ ಊದಿಕೊಂಡು ಹತ್ತು ದಿನ ಮಡಚಲಾಗಲಿಲ್ಲ. ಹೊಸ ಎಕ್ಸ್‌ರೇಯಲ್ಲಿ ಮೂಳೆಗಳ ನಡುವಿನ ಜಾಗ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ.

ಹಾಗಾಗಿ ಒಂದಾ ಎರಡಾ ಅನ್ನುವ ಪ್ರಶ್ನೆಯನ್ನೇ ಬಿಡಿ. ಬಾಟಲಿಯಲ್ಲಿ ಏನಿದೆ ಅಂತ ಕೇಳಿ. ಯಾವ ಕೋಶದಿಂದ ತೆಗೆದದ್ದು? ಸೋಂಕಿಲ್ಲ ಅಂತ ಪರೀಕ್ಷೆ ಮಾಡಿದ್ದು ಯಾರು? ನಾನು ಕೇಳಿದಾಗ ಸಿಕ್ಕ ಉತ್ತರ "ಕೋಟಿಗಟ್ಟಲೆ ಇವೆ" ಅಂತ, ಅಷ್ಟೇ. ಎಕ್ಸೋಸೋಮ್ ಉತ್ಪನ್ನ ಪಡೆದವರಿಗೆ ಗಂಭೀರ ತೊಂದರೆಯಾಗಿದೆ, ತಾನು ಒಪ್ಪಿಗೆ ಕೊಟ್ಟದ್ದು ಒಂದೂ ಇಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲೇ ಎಚ್ಚರಿಸಿತ್ತು. ನಾನು ಓದಿದ್ದು ಊತ ಬಂದ ಮೇಲೆ.

ನೋಂದಾಯಿತ ಪ್ರಯೋಗ ಸಿಕ್ಕರೆ ಯೋಚಿಸಿ. ಅಲ್ಲೂ ಇಂಜೆಕ್ಷನ್‌ಗೆ ದುಡ್ಡು ಕೇಳಿದರೆ ಎದ್ದು ಬನ್ನಿ. ಮೊದಲು ಮೂರು ತಿಂಗಳು ಬರೀ ವ್ಯಾಯಾಮ ಮಾಡಿ, ಜೊತೆಗೆ ಬೇರೇನೂ ಬೇಡ. ನಾನೂ ಮತ್ತೆ ಶುರು ಮಾಡಿದ್ದೇನೆ. ಸದ್ಯಕ್ಕೆ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು.