ಓದಲು ಬರುವ ಫ್ರೆಂಚ್ ಮಾತಿಗೆ ಬರುತ್ತಿಲ್ಲ

ಪ್ರಶ್ನೆ: ನಾವು ವಿರಾಜಪೇಟೆಯ ಸಮೀಪ ಕಾಫಿ ತೋಟದಲ್ಲಿ ಹೋಂಸ್ಟೇ ನಡೆಸುತ್ತಿದ್ದೇವೆ. ಫ್ರಾನ್ಸಿನ ಅತಿಥಿಗಳೊಡನೆ ಅವರ ಭಾಷೆಯಲ್ಲೇ ಮಾತನಾಡುವ ಆಸೆಯಿಂದ ಒಂದು ವರ್ಷ ಪುಸ್ತಕ ಹಿಡಿದು ಫ್ರೆಂಚ್ ಕಲಿತಿದ್ದೇನೆ. ಓದಿದರೆ ಅರ್ಥವಾಗುತ್ತದೆ, ಆದರೆ ಎದುರಿಗೆ ಮಾತನಾಡಿದರೆ ತಿಳಿಯುವುದಿಲ್ಲ, ಉತ್ತರಿಸಲು ಹೋದರೆ ಬಾಯಿ ಕಟ್ಟುತ್ತದೆ. ಹಿಂದೊಮ್ಮೆ ಬಂದಿದ್ದ ಅತಿಥಿಯೊಬ್ಬರು ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡಲು ಒಪ್ಪಿದ್ದಾರೆ. ಆ ಸಮಯವನ್ನು ಹೇಗೆ ಬಳಸಿಕೊಳ್ಳಲಿ?

ಉತ್ತರ: ನಿಮ್ಮ ಓದು ವ್ಯರ್ಥವಾಗಿಲ್ಲ, ಕಿವಿ ಇನ್ನೂ ಪಳಗಬೇಕಾಗಿದೆ. ‘ನಾನು ಮಾತನಾಡುತ್ತೇನೆ’, ‘ನೀನು ಮಾತನಾಡುತ್ತೀಯೆ’, ‘ಅವರು ಮಾತನಾಡುತ್ತಾರೆ’ ಎನ್ನುವಲ್ಲಿ ಫ್ರೆಂಚ್ ಕ್ರಿಯಾಪದವನ್ನು ಮೂರು ಬಗೆಯಾಗಿ ಬರೆದರೂ ಕೇಳಿಸುವುದು ‘ಪಾರ್ಲ್’ ಎಂಬ ಒಂದೇ ಸದ್ದು. ಮಾತನಾಡುತ್ತಿರುವವರು ಯಾರೆಂದು ತಿಳಿಯಲು ಕನ್ನಡದ ಕಿವಿ ಕ್ರಿಯಾಪದದ ತುದಿಗಾಗಿ ಕಾಯುತ್ತದೆ. ಫ್ರೆಂಚಿನಲ್ಲಿ ಆ ಗುರುತು ಮುಂದೆಯೇ, ಪುಟ್ಟ ಸರ್ವನಾಮದಲ್ಲಿ ಬಂದು ಹೋಗಿರುತ್ತದೆ. ಆದ್ದರಿಂದ ವಾಕ್ಯದ ಮೊದಲ ತುಣುಕನ್ನು ಹಿಡಿಯುವ ಅಭ್ಯಾಸ ಮಾಡಿಕೊಳ್ಳಿ.

ಪ್ರತಿವಾರ ಹೊಸ ವಿಷಯ ಹುಡುಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಯ್ದ ಕಾಫಿ ಹಣ್ಣನ್ನು ಸಂಜೆ ಕಣಕ್ಕೆ ತರುವುದು, ತೆಳುವಾಗಿ ಹರವುವುದು, ದಿನಕ್ಕೆ ಹಲವು ಬಾರಿ ಕೈಯಾಡಿಸುವುದು, ಮಳೆಯ ಮೋಡ ಕಂಡರೆ ಓಡಿಬಂದು ಟಾರ್ಪಾಲು ಮುಚ್ಚುವುದು: ನಿಮ್ಮ ಕೈಗೆ ಗೊತ್ತಿರುವ ಈ ಕೆಲಸವನ್ನೇ ಒಂದು ತಿಂಗಳು ಹೇಳಿ. ವಿಷಯ ಹುಡುಕುವ ಶ್ರಮ ತಪ್ಪಿದಾಗ ಮನಸ್ಸೆಲ್ಲ ಪದಗಳ ಮೇಲೆ ನಿಲ್ಲುತ್ತದೆ, ಮೊದಲ ವಾರ ತಡವರಿಸಿದ ವಾಕ್ಯ ನಾಲ್ಕನೆಯ ವಾರ ಸರಾಗವಾಗಿ ಬರುತ್ತದೆ. ನಡುವೆ ತಡೆಯದೆ, ನೀವು ಹೇಳಿ ಮುಗಿಸಿದ ಮೇಲೆ ಎರಡು ಮೂರು ತಪ್ಪುಗಳನ್ನು ಮಾತ್ರ ತಿದ್ದಬೇಕೆಂದು ಮೊದಲೇ ಕೇಳಿಕೊಳ್ಳಿ. ಅರ್ಥವಾಗದಿದ್ದಾಗ ‘ವು ಪುವೆ ರೆಪೆತೆ?’ ಎಂದು ಮತ್ತೊಮ್ಮೆ ಹೇಳಿಸಲು ಸಂಕೋಚಪಡಬೇಡಿ.

ಮರ್ಯಾದೆಯ ವಿಚಾರದಲ್ಲಿ ನಮಗೆ ಕಷ್ಟವಿಲ್ಲ: ‘ವು’ ನಮ್ಮ ನೀವು, ‘ತ್ಯು’ ನೀನು, ಅವರೇ ಸಲಿಗೆ ಕೊಡುವವರೆಗೆ ‘ವು’ ಎನ್ನಿ. ಸಂಖ್ಯೆಗಳಿಗೆ ಮಾತ್ರ ಹೆಚ್ಚು ಅಭ್ಯಾಸ ಬೇಕು. ಅಲ್ಲಿ 70 ಎಂದರೆ ಅರವತ್ತು-ಹತ್ತು, 80 ಎಂದರೆ ನಾಲ್ಕು ಇಪ್ಪತ್ತು, 90 ಎಂದರೆ ನಾಲ್ಕು ಇಪ್ಪತ್ತು-ಹತ್ತು. ಕೋಣೆಯ ಬಾಡಿಗೆಯನ್ನು ಗಟ್ಟಿಯಾಗಿ ಹೇಳುತ್ತ ಇವನ್ನು ರೂಢಿಸಿಕೊಳ್ಳಿ.

ಫೋನಿನ ಹೊತ್ತನ್ನು ಗೊತ್ತುಮಾಡುವಾಗ ಒಂದು ಎಚ್ಚರಿಕೆ ಇರಲಿ. ಫ್ರಾನ್ಸ್ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದಿದ್ದರೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮೂರೂವರೆ ಗಂಟೆ ಹಿಂದಿರುತ್ತದೆ.