ಮಂಡಿಯ ಲೆಕ್ಕ ಬಿಟ್ಟು ಹೊರಡುವ ಮುನ್ನ

ಪ್ರಶ್ನೆ: ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಬಹಳ ವರ್ಷಗಳಿಂದ ಬರೀ ಲೆಕ್ಕ ಬರೆಯುತ್ತಿದ್ದೇನೆ. ನಲವತ್ತು ಸಮೀಪಿಸಿದೆ. ಬೇರೆ ಕೆಲಸ ಹಿಡಿಯುವ ಆಸೆ. ವೃತ್ತಿ ಮಾರ್ಗದರ್ಶಕರೊಬ್ಬರು ಆರು ಭೇಟಿಗೆ ಹದಿನೆಂಟು ಸಾವಿರ ರೂಪಾಯಿ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?
– ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಆ ‘ಬರೀ’ ಯಾಕೆ ಸ್ವಾಮಿ? ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ದರ್ಜೆಗಳ ದಿನವೂ ಏರಿಳಿಯುವ ದರದ ನಡುವೆ ಬೆಳೆಗಾರರ ತೂಕ, ಮುಂಗಡ, ಬಾಕಿ ಎಲ್ಲವನ್ನೂ ಸರಿದೂಗಿಸಿದವರು ನೀವು. 2017ರಲ್ಲಿ ಜಿಎಸ್‌ಟಿ ಬಂದಾಗ ಅದನ್ನೂ ಕಲಿತಿರುತ್ತೀರಿ. ಇದನ್ನೆಲ್ಲ ದಾಸ್ತಾನು ನಿರ್ವಹಣೆ, ಸಾಲ ವಸೂಲಿ, ತೆರಿಗೆ ಎಂದು ಬಿಡಿಸಿ, ಸಂದರ್ಶನದಲ್ಲಿ ತಡವರಿಸದೆ ಹೇಳುವಂತೆ ಅಭ್ಯಾಸ ಮಾಡಿಸುವವರು ಸಿಕ್ಕರೆ ಹಣ ದಂಡವಲ್ಲ. ಆದರೆ ಕೆಲಸ ಕೊಡಿಸುವುದು ಮಾರ್ಗದರ್ಶಕರ ಕೆಲಸವೇ ಅಲ್ಲ. ‘ಖಂಡಿತ ಕೊಡಿಸುತ್ತೇನೆ’ ಎಂದರೆ ಅಲ್ಲಿಂದಲೇ ಎದ್ದು ಬನ್ನಿ.

ಈ ವೃತ್ತಿಗೆ ನಮ್ಮಲ್ಲಿ ಸರ್ಕಾರಿ ಪರವಾನಗಿ ಬೇಕಿಲ್ಲ. ಯಾರು ಬೇಕಾದರೂ ಬೋರ್ಡು ತೂಗುಹಾಕಬಹುದು. ಇಂಥ ಮಾರ್ಗದರ್ಶಕರ ಅಂತರರಾಷ್ಟ್ರೀಯ ಸಂಸ್ಥೆಯಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ನಿನ ಮೊದಲ ಹಂತದ ಪ್ರಮಾಣಪತ್ರಕ್ಕೇ ಕನಿಷ್ಠ 100 ಗಂಟೆ ಮಾರ್ಗದರ್ಶನ ಮಾಡಿದ ಅನುಭವ ಬೇಕು. ಅಂಥದ್ದೇನಾದರೂ ಇದೆಯೇ, ವಯಸ್ಸಾದ ಮೇಲೆ ವೃತ್ತಿ ಬದಲಿಸಿದವರಿಗೆ ನೆರವಾಗಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಪೂರ್ತಿ ಮುಂಗಡ ಬೇಡ, ಒಂದು ಭೇಟಿಗೆ ಮಾತ್ರ ಕೊಡಿ. ಅಡಿಕೆಯನ್ನೇ ಒಡೆದು ನೋಡದೆ ಕೊಳ್ಳದ ಊರಿನವರು ನಾವು!

ಅದಕ್ಕೂ ಮೊದಲು, ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕೆರಿಯರ್ ಸರ್ವೀಸ್ ಎಂಬ ಉದ್ಯೋಗ ಜಾಲತಾಣದಲ್ಲಿ ಹೆಸರು ನೋಂದಾಯಿಸಿ. ಅದಕ್ಕೆ ಶುಲ್ಕವಿಲ್ಲ. ಮಂಡಿಯ ಕೆಲಸವನ್ನು ಮಾತ್ರ ಸುಗ್ಗಿಯ ನಡುವೆ ಬಿಡಬೇಡಿ. ಮುಂದಿನ ಕಡೆಯವರು ನಿಮ್ಮ ಬಗ್ಗೆ ವಿಚಾರಿಸುವುದು ಇದೇ ಯಜಮಾನರನ್ನು.