ಶಕ್ತಿನಗರದ ಚಿಮಣಿಯಲ್ಲಿ ಹೊಗೆ ಕಾಣದ ದಿನಗಳು

ರಾಯಚೂರಿಗೆ ಬರುವಾಗ ಶಕ್ತಿನಗರದಲ್ಲಿರುವ, ಕಲ್ಲಿದ್ದಲು ಉರಿಸುವ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ (ಆರ್‌ಟಿಪಿಎಸ್) ಚಿಮಣಿಗಳಲ್ಲಿ ಹೊಗೆಯೇ ಕಾಣಲಿಲ್ಲ, ಸ್ಥಾವರ ಮುಚ್ಚಿಹೋಯಿತೇ ಎಂದು ಕೇಳಿದ್ದೀರಿ. ಮುಚ್ಚಿಲ್ಲ. ನೀವು ಬಂದದ್ದು ಮಳೆಗಾಲದಲ್ಲಿ. ಶರಾವತಿ ಕಣಿವೆಯಲ್ಲಿ ನೀರು ಏರಿ ಜಲವಿದ್ಯುತ್ ಹೆಚ್ಚಿ, ಗಾಳಿಯಂತ್ರಗಳೂ ಭರದಿಂದ ತಿರುಗುವ ಆ ತಿಂಗಳುಗಳಲ್ಲಿ ಕಲ್ಲಿದ್ದಲಿನ ವಿದ್ಯುತ್ತನ್ನು ಕೇಳುವವರು ಕಡಿಮೆ. ಆಗ ಆರ್‌ಟಿಪಿಎಸ್‌ನ ಘಟಕಗಳನ್ನು ಒಂದೊಂದಾಗಿ ನಿಲ್ಲಿಸಿ ಕಾದಿರಿಸುತ್ತಾರೆ; ಬೇಡಿಕೆ ಏರಿದಾಗ ಮತ್ತೆ ಹೊತ್ತಿಸುತ್ತಾರೆ. ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಎಂಟು ಘಟಕಗಳಿವೆ, ಒಟ್ಟು 1,720 ಮೆಗಾವಾಟ್. ಹಗಲಿರುಳು ಒಂದೇ ಸಮ ಉರಿಯಲೆಂದು ಕಟ್ಟಿದ ಯಂತ್ರಗಳಿಗೆ ಈಗ ನಿಂತು ನಿಂತು ಓಡುವ ಕೆಲಸ ಬಂದಿದೆ.

ಹಾಗಾದರೆ ಸ್ಥಾವರದ ಪಕ್ಕದಲ್ಲಿರುವ ನಿಮಗೆ ಒಳ್ಳೆಯದೇ ಆಯಿತಲ್ಲ ಎನ್ನುತ್ತೀರಿ. ಘಟಕ ನಿಂತಷ್ಟು ದಿನ ನಿಜ. 210 ಮೆಗಾವಾಟ್‌ನ ಒಂದು ಘಟಕ ಪೂರ್ಣ ಹೊರೆಯಲ್ಲಿ ದಿನಕ್ಕೆ ಸುಮಾರು 3,000 ಟನ್ ಕಲ್ಲಿದ್ದಲು ನುಂಗುತ್ತದೆ, ಅದರಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಬೂದಿ. ಅಷ್ಟು ಉಳಿಯಿತು. ಆದರೆ ತಣ್ಣಗಾದ ಬಾಯ್ಲರನ್ನು ಮತ್ತೆ ಎಬ್ಬಿಸುವ ಹೊತ್ತನ್ನು ಹೊರಗಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೊದಲು ಎಣ್ಣೆ ಉರಿಸಿ ಕುಲುಮೆಯನ್ನು ಗಂಟೆಗಟ್ಟಲೆ ಕಾಯಿಸಬೇಕು. ಅರೆಬರೆ ಉರಿದ ಎಣ್ಣೆಯ ಮಸಿ, ಹೊಗೆಯಲ್ಲಿನ ಬೂದಿ ಹಿಡಿಯುವ ವಿದ್ಯುತ್ ತಟ್ಟೆಗಳಿಗೆ ಮೆತ್ತಿಕೊಳ್ಳುತ್ತದೆ, ಕಿಡಿ ತಾಗಿ ಬೆಂಕಿ ಹೊತ್ತುವ ಭಯವೂ ಇರುತ್ತದೆ. ಹಾಗಾಗಿ ಕಲ್ಲಿದ್ದಲಿನ ಉರಿ ಸ್ಥಿರವಾಗುವವರೆಗೆ ಆ ತಟ್ಟೆಗಳಿಗೆ ಪೂರ್ತಿ ವಿದ್ಯುತ್ ಕೊಡುವುದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚು ಬೂದಿ ತಡೆಯಬಲ್ಲ ಸಾಧನ, ಹೊಗೆ ಅತ್ಯಂತ ಕೊಳಕಾಗಿರುವಾಗಲೇ ಕೈಕಟ್ಟಿ ಕೂತಿರುತ್ತದೆ. ಇಂಥ ತಟ್ಟೆಗಳಿರುವ ಕಲ್ಲಿದ್ದಲಿನ ಸ್ಥಾವರಗಳಲ್ಲಿ ಸಾಮಾನ್ಯವಾಗಿ ಇದೇ ಕಥೆ. ಬಳಿಕ ಅರೆ ಹೊರೆಯಲ್ಲಿ ಓಡಿದರೆ ಪ್ರತಿ ಯೂನಿಟ್ ವಿದ್ಯುತ್ತಿಗೆ ಸುಡುವ ಕಲ್ಲಿದ್ದಲೂ ಹೆಚ್ಚು, ಇಂಗಾಲದ ಡೈಆಕ್ಸೈಡೂ ಹೆಚ್ಚು.

ವರ್ಷದ ಒಟ್ಟು ಲೆಕ್ಕದಲ್ಲಿ ಈ ಗಂಟೆಗಳು ಕರಗಿಹೋಗುತ್ತವೆ. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದವರಿಗೆ, ದಮ್ಮಿನ ಕಾಯಿಲೆಯ ಮುದುಕರಿಗೆ ವರ್ಷದ ಸರಾಸರಿಯಿಂದ ಆಗುವುದೇನು? ಡಿಸೆಂಬರ್ 2015ರ ಕೇಂದ್ರದ ನಿಯಮದಂತೆ, 2003ರ ಅಂತ್ಯದೊಳಗೆ ಸ್ಥಾಪನೆಯಾದ ಘಟಕಗಳು ಪ್ರತಿ ಘನ ಮೀಟರ್ ಹೊಗೆಯಲ್ಲಿ 100 ಮಿಲಿಗ್ರಾಂಗಿಂತ ಹೆಚ್ಚು ದೂಳು ಬಿಡಕೂಡದು. ಇಲ್ಲಿನ ಎಂಟರಲ್ಲಿ ಏಳು ಘಟಕಗಳು ಆ ಸಾಲಿನವು.

ಕೃಷ್ಣೆಯ ಆಚೆ ದಡದಲ್ಲಿ ತೆಲಂಗಾಣ. ಮಳೆಗಾಲದ ಗಾಳಿ ಹೊಗೆಯನ್ನು ಅತ್ತ ಒಯ್ಯುತ್ತದೆ, ಚಳಿಗಾಲದ ಗಾಳಿ ಇತ್ತ ತಿರುಗಿಸುತ್ತದೆ. ಬೆಳಕು ಬೆಂಗಳೂರಿಗೂ ಹೋಗುತ್ತದೆ, ಹೋಗಲಿ. ಈ ಸ್ಥಾವರದಿಂದ ಇಲ್ಲಿ ಎಷ್ಟೋ ಮನೆಗಳ ಒಲೆ ಉರಿದಿದೆ, ಅದು ಬೇಡವೆಂದು ನಾನು ಹೇಳುವುದಿಲ್ಲ. ಯಾವ ಘಟಕವನ್ನು ಯಾವ ಹೊತ್ತಿಗೆ ಹೊತ್ತಿಸುತ್ತಾರೆ, ಆ ಗಂಟೆಗಳಲ್ಲಿ ಚಿಮಣಿಯಿಂದ ಎಷ್ಟು ದೂಳು ಹೊರಬಿತ್ತು ಎಂಬುದನ್ನು ಎರಡೂ ದಡದ ಪಂಚಾಯಿತಿಗಳ ಮುಂದೆ ಕನ್ನಡದಲ್ಲೂ ತೆಲುಗಿನಲ್ಲೂ ಹಲಗೆಗೆ ಬರೆದು ಹಾಕಬೇಕು. ಬಟ್ಟೆ, ಕಾಳುಕಡ್ಡಿ ಒಳಗೆ ತೆಗೆದುಕೊಳ್ಳಲು, ಮಕ್ಕಳನ್ನು ಮನೆಯೊಳಗೆ ಕರೆಯಲು ಅಷ್ಟು ಮುನ್ಸೂಚನೆ ಸಾಕು.